ಹಗುರ ಕೈಯ ಕಾಸಾರ್ ಸಿಸ್ಟರ್

ಬಾರ್ಶಿಯ ಪೇಟೆಯಲ್ಲಿ ಕಾಸಾರರ ಮನೆತನ ಬಳೆ ತೊಡಿಸುವುದಕ್ಕೆ ಹೆಸರಾದದ್ದು. ಲತಿಕಾಳ ಅಪ್ಪ ತೊಡಿಸಿದರೆ ಬಳೆ ಒಡೆಯುತ್ತಿರಲಿಲ್ಲ, ಕೈ ಕೆಂಪಾಗುತ್ತಿರಲಿಲ್ಲ. ಮಗಳು ಆ ಕಸುಬಿಗೆ ಹೋಗದೆ ಸೋಲಾಪುರದಲ್ಲಿ ನರ್ಸಿಂಗ್ ಕಲಿತು ಬಂದು ಊರಿನ ಆಸ್ಪತ್ರೆಗೆ ಸೇರಿದಳು. ಹುಟ್ಟಿದ ಕೂಸುಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ಅವಳ ಕೈ ನೋಡಿದ ಹಳಬರು, ಇದು ಅಪ್ಪನ ಕೈಯೇ ಅಂದರು. ಬತ್ತಿಯಷ್ಟು ಸಣ್ಣ ತೋಳಿನಲ್ಲಿ ಬೇರೆಯವರು ಹುಡುಕಿ ಹುಡುಕಿ ಬೆವರುವಾಗ ಲತಿಕಾ ಬಂದು ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ಹಿಮ್ಮಡಿಗೆ ಸೂಜಿ ತಾಗಿಸಿದರೆ ಕೂಸು ಬಾಯಿ ತೆರೆಯುವಷ್ಟರಲ್ಲಿ ರಕ್ತದ ಹನಿ ತೆಗೆದು ಮುಗಿಸುತ್ತಿದ್ದಳು. ವರ್ಷಗಳು ಕಳೆದಂತೆ ಅವಳಿಗೆ ಹೆಸರೇ ಹಾಗೆ ಬಿತ್ತು: ಹಗುರ ಕೈಯ ಕಾಸಾರ್ ಸಿಸ್ಟರ್.

ಅವಳು ಕ್ರೂರಿಯಲ್ಲ. ಬೇಗ ಮುಗಿಸುವುದೇ ಕರುಣೆ ಎಂದು ನಂಬಿದ್ದಳು. ಸೋಲಾಪುರದಲ್ಲಿ ನಡೆದ ತರಬೇತಿಯೊಂದರಲ್ಲಿ, ಚುಚ್ಚುವ ಮುಂಚೆ ಕೂಸಿನ ನಾಲಿಗೆಗೆ ತಾಯಿಯ ಹಾಲು ಹನಿಸಬೇಕು, ಕೈಕಾಲು ಮಡಚಿ ಹಿಡಿಯಬೇಕು, ಸಾಧ್ಯವಿದ್ದರೆ ತಾಯಿಯ ಎದೆಗೇ ಹಾಕಬೇಕು ಎಂದು ಹೇಳಿಕೊಟ್ಟಿದ್ದರು. ಲತಿಕಾ ತಲೆಯಾಡಿಸಿ ಕೇಳಿದ್ದಳು. ಮರಳಿ ಬಂದು ನೋಡಿದರೆ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳೆಲ್ಲ ತುಂಬಿದ್ದವು, ಪಾಳಿಗೆ ಇಬ್ಬರೇ ಸಿಸ್ಟರುಗಳು. ಒಂದು ಕೈಯಲ್ಲಿ ಪಾದ, ಇನ್ನೊಂದರಲ್ಲಿ ಸೂಜಿ. ಹಾಲು ಹನಿಸುವ ಮೂರನೆಯ ಕೈ ಎಲ್ಲಿಂದ ತರುವುದು? ತಾಯಂದಿರಂತೂ ವಿಭಾಗದ ಗಾಜಿನ ಗೋಡೆಯ ಆಚೆಗೇ ನಿಲ್ಲಬೇಕು. ಹಿಂದೊಮ್ಮೆ ಒಬ್ಬ ತಾಯಿ ತನ್ನ ಮಗುವಿಗೆ ಸೂಜಿ ಹಾಕುವುದನ್ನು ನೋಡಿ ತಲೆ ಸುತ್ತಿ ಬಿದ್ದು, ಪಕ್ಕದ ಕೂಸಿನ ಸಲೈನ್ ನಳಿಕೆ ಕಿತ್ತು ಬಂದಿತ್ತು. ಅಂದಿನಿಂದ ವಿಭಾಗದ ಮುಖ್ಯಸ್ಥೆ ಭಾಲೇರಾವ್ ಸಿಸ್ಟರ್, ಚುಚ್ಚುವ ಹೊತ್ತಿಗೆ ಒಬ್ಬ ತಾಯಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ತರಬೇತಿಯ ಮಾತು ಹೀಗೆ ತಲೆಯಲ್ಲೇ ಉಳಿಯಿತು, ಕೈಗೆ ಇಳಿಯಲಿಲ್ಲ.

ಗಾಜಿನ ಆಚೆ ನಿಂತ ತಾಯಂದಿರಿಗೆ ಏನಾದರೂ ಹೇಳಬೇಕಲ್ಲ. ಕೂಸಿನ ಮುಖ ಕಿವುಚಿದ್ದು ಕಂಡು ಅವರು ಬಾಗಿಲಿಗೆ ಬಂದು, "ಯಾಕ ಹಂಗ ಮಾಡಾಕತ್ತದ?" ಎಂದು ಕೇಳಿದರೆ, ವಿಭಾಗದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಏನಿಲ್ಲವಾ, ಸಟವಾಯಿ ಕಾಡಸಾಕತ್ತಾಳ." ಹುಟ್ಟಿದ ಐದನೆಯ ರಾತ್ರಿ ಬಂದು ಕೂಸಿನ ಹಣೆಬರಹ ಬರೆದು ಹೋಗುವ ದೇವಿ ಸಟವಾಯಿ. ಆಮೇಲೂ ಅವಳು ಬಿಡುವುದಿಲ್ಲ. ನಿದ್ದೆಯಲ್ಲಿ ಕೂಸು ನಕ್ಕರೆ ಅವಳೇ ನಗಿಸಿದ್ದು, ಮುಖ ಸಣ್ಣ ಮಾಡಿದರೆ ಅವಳೇ ಅಳಿಸಿದ್ದು. ಎಲ್ಲ ಮನೆಗಳಲ್ಲೂ ಆಡುವ ಮಾತು. ಕೇಳಿದ ತಾಯಂದಿರು ಸಮಾಧಾನವಾಗಿ ಹೋಗಿ ಕೂರುತ್ತಿದ್ದರು. ಲತಿಕಾ ಕೂಡ ಆ ಮಾತನ್ನು ಯಾವ ಯೋಚನೆಯೂ ಇಲ್ಲದೆ ಆಡುತ್ತಿದ್ದಳು.

ಆ ವರ್ಷ ಸಂಕ್ರಾಂತಿಯ ಹತ್ತಿರದ ಚಳಿಯಲ್ಲಿ ದ್ವಾರಕಾ ಬಂದಳು. ಬೀಡ್ ಕಡೆಯವಳು. ಕಬ್ಬು ಕಡಿಯುವ ಟೋಳಿಯ ಜೊತೆ ಗಂಡ, ಅತ್ತೆಯೊಂದಿಗೆ ಬಂದು, ಸಕ್ಕರೆ ಕಾರ್ಖಾನೆಯ ಹಿಂದಿನ ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ತುಂಬು ತಿಂಗಳಿಗೆ ಮುಂಚೆಯೇ ಹೊಲದಲ್ಲಿ ನೋವು ಶುರುವಾಗಿ, ಕಬ್ಬಿನ ಗಾಡಿಯಲ್ಲೇ ಆಸ್ಪತ್ರೆಗೆ ತಂದರು. ಹೆಣ್ಣು ಕೂಸು. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಮಲಗುವಷ್ಟು. ಪೆಟ್ಟಿಗೆಯಲ್ಲಿಟ್ಟರು. ಸಕ್ಕರೆ ಅಂಶ ಕೆಳಗಿಳಿಯುತ್ತಿತ್ತು, ಕಾಮಾಲೆ ಏರುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಿಮ್ಮಡಿಗೆ ಸೂಜಿ. ಆ ಕೆಲಸ ಬಹುಪಾಲು ಲತಿಕಾಳಿಗೇ ಬಂತು. ಕಷ್ಟದ ಕೂಸೆಂದರೆ ಎಲ್ಲರೂ ಅವಳನ್ನೇ ಕರೆಯುವುದು ರೂಢಿ.

ಮೊದಲ ದಿನಗಳಲ್ಲಿ ದ್ವಾರಕಾ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ಅವಳ ಉಸಿರಿನಿಂದ ಗಾಜು ಮಬ್ಬಾಗುತ್ತಿತ್ತು, ಸೆರಗಿನಿಂದ ಒರೆಸುತ್ತಿದ್ದಳು. ಒಂದು ದಿನ ಲತಿಕಾ ಹೊರಗೆ ಬಂದಾಗ ಮೆಲ್ಲಗೆ ಕೇಳಿದಳು:

"ಸಿಸ್ಟರ್‌ಬಾಯಿ, ನನ್ನ ಕೂಸು ಯಾಕ ಬರೀ ಮಾರಿ ಕಿವುಚ್ತದ? ಆ ಕಡಿ ಪೆಟಗಿಯೊಳಗಿನ ಕೂಸು ನಕ್ಕಿದ್ದು ನೋಡೇನಿ."

"ಸಟವಾಯಿ ಕಾಡಸ್ತಾಳವಾ," ಎಂದಳು ಲತಿಕಾ, ನಡೆಯುತ್ತಲೇ. "ನಾಳೆ ನಗಸ್ತಾಳ. ನೀ ಹೋಗಿ ಅಳವಿ ಬೀಜದ ಖೀರು ಕುಡಿ, ಹಾಲು ಇಳೀಲಿ."

ಕೂಸಿಗೆ ಸ್ವಲ್ಪ ಶಕ್ತಿ ಬಂದ ಮೇಲೆ ಮಕ್ಕಳ ವೈದ್ಯೆ ಡಾಕ್ಟರ್ ಇನಾಮದಾರ್, ಮಧ್ಯಾಹ್ನ ಒಂದಿಷ್ಟು ಹೊತ್ತು ತಾಯಿ ಒಳಗೆ ಬಂದು ಎದೆಗೆ ಹಾಕಿಕೊಂಡು ಕೂರಲಿ, ಹಾಲು ಹಿಡಿಸಲು ನೋಡಲಿ ಎಂದರು. ದ್ವಾರಕಾ ಕೈಗಳನ್ನು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದಳು. ಕಬ್ಬಿನ ಎಲೆ ಕೊಯ್ದ ಗೀರುಗಳು ತೊಳೆದಷ್ಟೂ ಕೆಂಪಾಗಿ ಎದ್ದು ಕಂಡವು. ಅವಳು ಪೆಟ್ಟಿಗೆಯ ಕಿಂಡಿಯಿಂದ ಕೈ ಹಾಕಿ ಕೂಸಿನ ಕಾಲು ಮುಟ್ಟಿದಳು. ಮುಟ್ಟಿದ ಕೂಡಲೇ ಕೂಸು ಸೆಟೆಯಿತು. ಕೈಬೆರಳುಗಳು ಹರಡಿಕೊಂಡವು, ಕಾಲು ಹಿಂದಕ್ಕೆ ಸರಿಯಿತು, ಮುಖ ಮುದ್ದೆಯಾಯಿತು. ಪರದೆಯ ಮೇಲೆ ಆಮ್ಲಜನಕದ ಅಂಕಿ ಇಳಿದು ಯಂತ್ರ ಕೂಗಿತು. ದ್ವಾರಕಾ ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

ಎದೆಗೆ ಹಾಕಿದರೂ ಅದೇ. ಮೈ ಕಟ್ಟಿಗೆಯಾಯಿತು, ಬಾಯಿ ಬಿಡಲಿಲ್ಲ. ವಿಭಾಗದ ಆಯಾ ಜಿಜಾ ಮಾವಶಿ ವಾತಾವರಣ ತಿಳಿ ಮಾಡಲು ಹೇಳಿದಳು, "ಏ ಹುಡುಗಿ, ನಿಮ್ಮವ್ವನ್ನ ಕಂಡ್ರ ಟೋಳಿ ದುಡಿಸೂ ಮುಕಾದಮನ್ನ ಕಂಡಂಗ ಮಾಡ್ತಿಯಲ್ಲ." ಉಳಿದವರು ನಕ್ಕರು. ದ್ವಾರಕಾ ನಗಲಿಲ್ಲ. ಮರುದಿನ ಕರೆದಾಗ, ತಲೆನೋವು ಎಂದಳು. ಅದರ ಮರುದಿನ ಬಂದರೂ ಕೈ ಮುಂದೆ ಮಾಡಲಿಲ್ಲ, ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದು ಹೋದಳು. ಹಾಲನ್ನು ಬಟ್ಟಲಿಗೆ ಹಿಂಡಿ ಜಿಜಾ ಮಾವಶಿಯ ಕೈಗೆ ಕೊಡುತ್ತಿದ್ದಳು. ದಿನದಿಂದ ದಿನಕ್ಕೆ ಬಟ್ಟಲಿನ ಹಾಲು ಕಡಿಮೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಲತಿಕಾ ಅಂಟುಪಟ್ಟಿಯ ಕಲೆ ತೆಗೆಯಲೆಂದು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಕೂಸಿನ ಹಿಮ್ಮಡಿ ಒರೆಸಿದಳು. ಒರೆಸಿದ್ದಷ್ಟೇ. ಕೂಸಿನ ಹುಬ್ಬು ಗಂಟಾಯಿತು, ಕಣ್ಣು ಬಿಗಿಯಾಗಿ ಮುಚ್ಚಿತು, ಗಲ್ಲ ನಡುಗತೊಡಗಿತು. ಲತಿಕಾ ತನ್ನ ಬಲಗೈ ನೋಡಿಕೊಂಡಳು. ಸೂಜಿ ಇರಲಿಲ್ಲ. ತಂಪು ಹತ್ತಿಯೊಂದೇ ಇತ್ತು. ಅವಳು ಹತ್ತಿಯನ್ನು ದೂರವಿಟ್ಟು, ಬರಿಬೆರಳಿನಿಂದ ಮತ್ತೆ ಅದೇ ಪಾದ ಮುಟ್ಟಿದಳು. ಮತ್ತೆ ಅದೇ ಮುಖ. ಆ ಜೀವ ಹೊರಗೆ ಬಂದ ಮೇಲೆ ಕಲಿತದ್ದು ಒಂದೇ ಪಾಠ: ಯಾರಾದರೂ ಕಾಲು ಮುಟ್ಟಿದರೆ ಆಮೇಲೆ ನೋವು ಬರುತ್ತದೆ. ಆ ಪಾಠ ಕಲಿಸಿದ್ದು ಯಾರ ಕೈ ಎಂದು ಲತಿಕಾಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ತಲೆಯೆತ್ತಿದಾಗ ಗಾಜಿನ ಆಚೆ ದ್ವಾರಕಾಳ ಅತ್ತೆ ಸಾಳುಬಾಯಿ ನಿಂತಿದ್ದಳು. ಸೊಸೆ ಇರಲಿಲ್ಲ.

ಲತಿಕಾ ಹೊರಗೆ ಬಂದು, "ದ್ವಾರಕಾ ಎಲ್ಲಿ?" ಎಂದಳು.

"ಕೆಳಗ ಗಂಟು ಕಟ್ಟಾಕತ್ತಾಳ," ಎಂದಳು ಸಾಳುಬಾಯಿ. "ಟೋಳಿ ನಾಡಿದ್ದು ಬ್ಯಾರೆ ಹೊಲಕ್ಕ ಹೊಂಟದ, ದೂರ. ಆಕೀನೂ ಬರ್ತಾಳಂತ. ನಾ ಇರು ಅಂದೆ. ಕೇಳವಲ್ಲಳು."

"ಕೂಸು?"

"ಇಲ್ಲೇ ಇರಲಿ, ನೀವು ನೋಡಕೋತೀರಿ, ಆಮ್ಯಾಲೆ ಬಂದು ಒಯ್ತೀವಿ ಅಂತಾಳ." ಮುದುಕಿ ಸುತ್ತ ನೋಡಿ ದನಿ ತಗ್ಗಿಸಿದಳು. "ಐದನೇ ದಿನದ ಪೂಜಿ ನಾ ಗುಡಿಸಲದಾಗ ಮಾಡಿದೆ, ಬಾಯಿ. ಹಾಳಿ ಪೆನ್ನು ಇಟ್ಟೆ, ಕೂಸಿನ ಬಟ್ಟಿ ಇಟ್ಟೆ. ಕೂಸೇ ಇರಲಿಲ್ಲ. ಸಟವಾಯಿ ಬಂದು ನೋಡ್ಯಾಳ, ಬರೀ ಬಟ್ಟಿ. ಸಿಟ್ಟಿಗೆದ್ದು ಹುಡುಕ್ಕೋತ ಇಲ್ಲಿಗೆ ಬಂದಾಳ ಅಂತ ದ್ವಾರಕಾ ಅಂತಾಳ. ಆಕಿ ಮುಟ್ಟಿದ್ರ ಸಟವಾಯಿ ಕೂಸನ್ನ ಕಾಡಸ್ತಾಳಂತ. ನೀವ ಹೇಳಿದ್ರಂತಲ್ಲ, ಸಟವಾಯಿ ಅಂತ."

ಲತಿಕಾ ಮೆಟ್ಟಿಲು ಇಳಿದಳು. ಹೇಳಬೇಕಾದದ್ದು ಗೊತ್ತಿತ್ತು, ಹೇಗೆ ಎಂಬುದು ಗೊತ್ತಿರಲಿಲ್ಲ. ಸಂಬಂಧಿಕರು ತಂಗುವ ಪಡಸಾಲೆಯಲ್ಲಿ ದ್ವಾರಕಾ ತಾಟು, ಲೋಟ, ಒಂದು ಶಾಲು ಸೇರಿಸಿ ಗಂಟು ಹಾಕುತ್ತಿದ್ದಳು. ಎದೆಯ ಬಳಿ ಕುಪ್ಪಸ ಒದ್ದೆಯಾಗಿತ್ತು. ಲತಿಕಾ ಅವಳೆದುರು ನೆಲದ ಮೇಲೆ ಕೂತಳು. ಬಿಳಿ ಸೀರೆ ಹೊಲಸಾಗುತ್ತದೆಂದು ದ್ವಾರಕಾ ಚಾಪೆಯ ತುದಿ ಸರಿಸಿಕೊಟ್ಟಳು.

"ಹೊಂಟಿಯಾ?"

"ಹೂಂ. ನನ್ನ ಕೈ ಆಕಿಗೆ ಆಗಿಬರಂಗಿಲ್ಲ. ನಾ ಇಲ್ಲಂದ್ರರ ನೆಮ್ಮದಿ ಇರ್ತಾಳ."

"ದ್ವಾರಕಾ, ಅದು ಸಟವಾಯಿ ಅಲ್ಲ."

ದ್ವಾರಕಾ ಗಂಟಿನ ಮೇಲಿನ ಕೈ ತೆಗೆಯಲಿಲ್ಲ.

"ನಾ ಹಂಗ ಅಂದಿದ್ದೆ. ಎಲ್ಲಾರಿಗೂ ಹಂಗ ಅಂತೀವಿ. ಅದು ಸೂಜಿ. ದಿನಾ ಆಕಿ ಹಿಮ್ಮಡಿಗೆ ಚುಚ್ತೀನಿ. ಚುಚ್ಚೋಕಿಂತ ಮೊದಲ ಕಾಲು ಹಿಡೀತೀನಿ. ಈಗ ಯಾರು ಕಾಲು ಹಿಡಿದ್ರೂ ಆಕಿಗೆ ಸೂಜೀನ ಬಂತು ಅನಸ್ತದ. ನೀ ಮುಟ್ಟಿದ್ದಕ್ಕ ಅಲ್ಲ. ನಾ ಮುಟ್ಟಿದ್ದಕ್ಕ."

ದ್ವಾರಕಾ ತಲೆಯೆತ್ತಿ ಅವಳ ಮುಖ ನೋಡಿದಳು. ಬೈಯುತ್ತಾಳೆ, ಕೂಗಿ ಜನ ಸೇರಿಸುತ್ತಾಳೆ ಎಂದುಕೊಂಡಿದ್ದಳು ಲತಿಕಾ. ಅದಕ್ಕೂ ಸಿದ್ಧಳಾಗಿಯೇ ಕೂತಿದ್ದಳು.

"ನಿಮ್ಮ ಕೈ ಭಾಳ ಹಗುರ ಅಂತಾರಲ್ಲ ಎಲ್ಲಾರೂ," ಎಂದಳು ದ್ವಾರಕಾ.

"ಹಗುರ ಅಂದ್ರ ಜಲ್ದಿ ಅಷ್ಟ. ಸೂಜಿಗೇನು ಗೊತ್ತು ಯಾರ ಕೈ ಅಂತ."

"ಅಷ್ಟು ಸಣ್ಣ ಜೀವಕ್ಕ ಗೊತ್ತಾಗ್ತದ?"

"ಗೊತ್ತಾಗ್ತದ. ಇವತ್ತು ನಾ ಕಣ್ಣಾರೆ ನೋಡಿದೆ."

ದ್ವಾರಕಾ ತನ್ನ ಅಂಗೈ ತಿರುಗಿಸಿ, ಎಲೆ ಕೊಯ್ದ ಗೀರುಗಳ ಮೇಲೆ ಬೆರಳಾಡಿಸಿದಳು. "ನನಗರ ಎಲಿ ಕೊಯ್ದ್ರ ಉರೀತದ. ಆಕಿಗೆ ಉರಿಯಂಗಿಲ್ಲೇನು," ಎಂದು ತನಗೆ ತಾನೇ ಅಂದಳು. ಆಮೇಲೆ ಅವಳ ಮುಖದಲ್ಲಿ, ಹೊರೆ ಇಳಿಸಿ ಕೂತವರ ಮುಖದಲ್ಲಿ ಕಾಣುವಂಥದೊಂದು ಸಡಿಲಿಕೆ ಮೂಡಿತು. "ಸಟವಾಯಿ ಆಗಿದ್ರ ನಾ ಏನ ಮಾಡಬೇಕಿತ್ತು ಸಿಸ್ಟರ್‌ಬಾಯಿ? ಆಕಿ ಜೋಡಿ ಜಗಳಾಡಾಕ ಬರ್ತದೇನು? ನಿಮಗಾದ್ರ ಬೈಬಹುದು."

"ಬೈ."

"ಈಗ ಬ್ಯಾಡ. ಹಾಲು ಸೋರಾಕತ್ತದ." ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು. ಲತಿಕಾ ಎದ್ದು ಹೋಗಲಿಲ್ಲ.

ಮೇಲೆ ಭಾಲೇರಾವ್ ಸಿಸ್ಟರ್ ಮುಂದೆ ನಿಂತು, ನಾಳೆಯಿಂದ ಈ ಕೂಸಿಗೆ ಚುಚ್ಚುವಾಗ ತಾಯಿ ಒಳಗಿರಲಿ ಎಂದು ಲತಿಕಾ ಕೇಳಿದಾಗ ಅವರು ಕನ್ನಡಕ ತೆಗೆದರು.

"ಆಕಿ ಬಿದ್ರ? ಆವತ್ತಿನದು ಮರ್ತಿಯಾ?"

"ಮರ್ತಿಲ್ಲರಿ. ಆವತ್ತು ಆಕಿನ್ನ ಸುಮ್ಮನ ನಿಲ್ಲಿಸಿದ್ವಿ, ನೋಡಾಕ. ಈಕಿಗೆ ಕೆಲಸ ಕೊಡೂಣು. ಕುರ್ಚಿ ಮ್ಯಾಲೆ ಕುಂತು ಕೂಸನ್ನ ಎದಿಗೆ ಹಿಡೀಲಿ. ನನಗೂ ಒಂದು ಕೈ ಹೆಚ್ಚಾಗ್ತದ."

"ಎಲ್ಲಾರೂ ಹಂಗ ಬಂದು ಕುಂತ್ರ ನಮ್ಮ ಕೆಲಸ ಮುಗಿಯೂದು ಯಾವಾಗ? ನೀ ಒಂದು ಕೂಸಿಗೆ ಅಷ್ಟು ಹೊತ್ತು ನಿಂತ್ರ ಉಳಿದವು ಯಾರು ನೋಡ್ಬೇಕು, ಜಿಜಾ ನೋಡ್ತಾಳೇನು?"

"ನಾ ನೋಡ್ತೀನಿ, ನನ್ನ ಪಗಾರ ಏರಿಸ್ರಿ," ಎಂದಳು ಜಿಜಾ ಮಾವಶಿ, ಬಟ್ಟೆ ಮಡಚುತ್ತ.

ಭಾಲೇರಾವ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ರೌಂಡಿಗೆ ಬಂದ ಡಾಕ್ಟರ್ ಇನಾಮದಾರ್ ಮಾತು ಕೇಳಿಸಿಕೊಂಡು, ಕೂಸಿನ ಹಿಮ್ಮಡಿಯ ಚುಕ್ಕೆಗಳನ್ನು ದೀಪದ ಕೆಳಗೆ ನೋಡಿದರು. ಸಕ್ಕರೆಗೂ ಕಾಮಾಲೆಗೂ ಬೇರೆ ಬೇರೆ ಚುಚ್ಚುತ್ತಿದ್ದದ್ದು ಅವರ ಗಮನಕ್ಕೆ ಬಂದಿರಲಿಲ್ಲ. ಇನ್ನು ಎರಡನ್ನೂ ಒಂದೇ ಸಲ ತೆಗೆಯಿರಿ, ಸಂಜೆಯದು ಬೇಡ ಎಂದರು. ತಾಯಿಯ ವಿಷಯ ವಿಭಾಗದ ಮುಖ್ಯಸ್ಥೆಗೇ ಬಿಟ್ಟರು.

ಭಾಲೇರಾವ್ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ನಾ ಆಕಿ ಹಿಂದ ನಿಂದರ್ತೀನಿ. ಬಿದ್ರ ತಾಯೀನ್ನ ನಾ ಹಿಡೀತೀನಿ, ಕೂಸನ್ನ ನೀ ಹಿಡಿ. ಒಂದ ಸಲ ನೋಡೂಣು."

ಮರುದಿನ ಬೆಳಿಗ್ಗೆ ದ್ವಾರಕಾಳನ್ನು ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ಬರಿಮೈಯಲ್ಲಿ ಅವಳ ಎದೆಗೆ ಒರಗಿಸಿ ಮೇಲೆ ಶಾಲು ಹೊದಿಸಿದರು. ಕೂಸು ಎಂದಿನಂತೆ ಸೆಟೆಯಿತು. ದ್ವಾರಕಾಳ ಕೈಗಳೂ ಸೆಟೆದುಕೊಂಡವು. ಲತಿಕಾ ಅವಳ ಒಂದು ಅಂಗೈಯನ್ನು ಕೂಸಿನ ತಲೆಯ ಮೇಲೆ, ಇನ್ನೊಂದನ್ನು ಕುಂಡೆಯ ಕೆಳಗೆ, ಕಾಲುಗಳು ಹೊಟ್ಟೆಗೆ ಮಡಚುವಂತೆ ಇಟ್ಟಳು.

"ಸವರಬ್ಯಾಡ, ತಟ್ಟಬ್ಯಾಡ. ಸುಮ್ಮನ ಹಿಡಿದಿರು. ಹೊಟ್ಟ್ಯಾಗ ಇದ್ದಾಗ ಹೆಂಗ ಇತ್ತೋ ಹಂಗ."

"ಹೊಟ್ಟ್ಯಾಗ ಸುಮ್ಮನ ಎಲ್ಲಿ ಇತ್ರೀ, ಬರೀ ಒದೀತಿತ್ತು."

"ಒದೀಲಿ ಬಿಡು. ಒದಿಯೂ ಕಾಲು ಚೊಲೊ."

ಬೆರಳಿನಿಂದ ಅವಳ ಹಾಲಿನ ಹನಿಯನ್ನೇ ಕೂಸಿನ ತುಟಿಗೆ ಹಚ್ಚಿದರು. ನಾಲಿಗೆ ಹೊರಬಂದು ನೆಕ್ಕಿತು. ಇನ್ನೊಂದು ಹನಿ. ಮೈ ತುಸು ಇಳಿಯಿತು. ಆಗ ಲತಿಕಾ ನೆಲಕ್ಕೆ ಮೊಣಕಾಲೂರಿ, ಶಾಲಿನ ಕೆಳಗಿನಿಂದ ಒಂದು ಪಾದ ಹೊರತೆಗೆದು ಸೂಜಿ ತಾಗಿಸಿದಳು.

ರಕ್ತ ಬರಲಿಲ್ಲ. ಮೇಜಿನ ಎತ್ತರದಲ್ಲಿ ಬೆಳಕಿನ ಕೆಳಗೆ ಕೆಲಸ ಮಾಡಿದ ಕೈ, ಹೀಗೆ ಕೆಳಗಿನಿಂದ ಓರೆಯಾಗಿ ಹಿಡಿದ ಪಾದಕ್ಕೆ ಹೊಂದಿಕೊಳ್ಳಲಿಲ್ಲ. ಪಾದವೂ ಚಳಿಗೆ ತಣ್ಣಗಿತ್ತು. ಕೂಸು ಅತ್ತಿತು, ಅಂಕಿ ಇಳಿಯಿತು, ಯಂತ್ರ ಕೂಗಿತು. ಆಚೆ ಕೆಲಸದಲ್ಲಿದ್ದ ಕಿರಿಯ ಸಿಸ್ಟರ್ ತಿರುಗಿ ನೋಡಿದಳು. ಕಾಸಾರ್ ಸಿಸ್ಟರ್ ತಪ್ಪಿದ್ದನ್ನು ಅವಳು ಕಂಡದ್ದು ಅದೇ ಮೊದಲು. ಎದ್ದು ಕೂಸನ್ನು ಮೇಜಿನ ಮೇಲೆ ಮಲಗಿಸಿದರೆ ಕ್ಷಣದಲ್ಲಿ ಮುಗಿದುಹೋಗುತ್ತಿತ್ತು. ಲತಿಕಾ ತಲೆಯೆತ್ತಿ ನೋಡಿದಳು. ದ್ವಾರಕಾ ಕಣ್ಣು ಮುಚ್ಚಿದ್ದಳು, ತುಟಿ ಬಿಳುಪೇರಿತ್ತು. ಭಾಲೇರಾವರ ಎರಡೂ ಕೈ ಅವಳ ಹೆಗಲ ಮೇಲಿದ್ದವು. ಆದರೆ ಕೂಸನ್ನು ಹಿಡಿದ ಅಂಗೈಗಳು ಅಲುಗಿರಲಿಲ್ಲ.

"ಇನ್ನೊಂದ ಸಲ ಆಗ್ಬೇಕು, ದ್ವಾರಕಾ. ತಪ್ಪು ನನ್ನದು."

"ಮೊದಲ ಅಳು ನಿಲ್ಲಲಿ," ಎಂದಳು ದ್ವಾರಕಾ, ಕಣ್ಣು ತೆರೆಯದೆ.

ಲತಿಕಾ ಆ ಪಾದವನ್ನು ತನ್ನ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಬೆಚ್ಚಗೆ ಮಾಡಿದಳು. ಅಷ್ಟರಲ್ಲಿ ಅಳು ಸಣ್ಣಗಾಗಿ, ಬಿಕ್ಕಾಗಿ, ನಿಂತಿತು. ಮೇಜಿನ ಮೇಲೆ ಇಷ್ಟು ಬೇಗ ಅದು ಎಂದೂ ನಿಂತಿರಲಿಲ್ಲ. ಇಳಿದಿದ್ದ ಅಂಕಿ ತಾನಾಗಿಯೇ ಮೇಲಕ್ಕೆ ಬಂತು. ಎರಡನೆಯ ಸಲ ರಕ್ತ ಸರಿಯಾಗಿ ಬಂತು. ಕೂಸು ಅತ್ತಿತು, ಮತ್ತೆ ಸುಮ್ಮನಾಯಿತು. ದ್ವಾರಕಾ ಬೀಳಲಿಲ್ಲ. ಭಾಲೇರಾವ್ ಕೈ ತೆಗೆದು, ತಮ್ಮ ಬೆವರು ಒರೆಸಿಕೊಂಡು, "ನನಗ ಕುರ್ಚಿ ಬೇಕಾಗಿತ್ತು," ಎಂದು ಗೊಣಗಿ ಹೋದರು.

ಟೋಳಿ ಹೊರಡುವ ದಿನ ಬಂತು. ದ್ವಾರಕಾಳ ಗಂಡ ಬಂದು ಗಾಜಿನಿಂದ ಕೂಸನ್ನು ನೋಡಿ, ತಲೆ ಕೆರೆದುಕೊಂಡು, ಹೆಂಡತಿ ಬಾರದಿದ್ದರೆ ಮುಕಾದಮನಿಗೆ ಏನು ಹೇಳಲಿ ಎಂದು ಕೇಳಿದ. "ಹಡದಾಕಿ ಬರಂಗಿಲ್ಲಂತ ಹೇಳು, ಆಕಿ ಕುಡಗೋಲು ನಾ ಹಿಡೀತೀನಿ," ಎಂದು ಸಾಳುಬಾಯಿ ಅವನ ಜೊತೆ ಹೊರಟಳು. ಹೋಗುವಾಗ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಸೊಸೆಯ ಪಕ್ಕದಲ್ಲಿಟ್ಟು, "ಕೈ ತೊಳಕೊಂಡ ಮುಟ್ಟು," ಎಂದಷ್ಟೇ ಹೇಳಿದಳು. ಕಟ್ಟಿದ್ದ ಗಂಟನ್ನು ದ್ವಾರಕಾ ಬಿಚ್ಚಿ ತಾಟು ಹೊರತೆಗೆದಳು.

ಎಲ್ಲವೂ ಒಮ್ಮೆಗೇ ಸರಿಹೋಗಲಿಲ್ಲ. ಕಾಲು ಮುಟ್ಟಿದರೆ ಕೂಸು ಇನ್ನೂ ಕೆಲ ದಿನ ಮುಖ ಕಿವುಚಿತು. ಪೆಟ್ಟಿಗೆಗಳು ತುಂಬಿ ಹರಿದ ದಿನ ಲತಿಕಾ ಬೇರೆ ಕೂಸುಗಳನ್ನು ಹಿಂದಿನಂತೆಯೇ ಮೇಜಿನ ಮೇಲೆ ಚುಚ್ಚಿದಳು. ಅಂಥ ದಿನ ಅವಳು ಮನೆಗೆ ಹೋಗಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಎಸ್‌.ಟಿ. ಬಸ್ ಡಿಪೋದ ಕೆಲಸ ಮುಗಿಸಿ ಬಂದ ಗಂಡ ಏನಾಯಿತೆಂದು ಕೇಳಿದರೆ, "ಇವತ್ತು ಜಲ್ದಿ ಜಲ್ದಿ ಮಾಡಿದೆ," ಎನ್ನುತ್ತಿದ್ದಳು. ಅವನಿಗೆ ಅದರಲ್ಲಿ ತಪ್ಪೇನೆಂದು ತಿಳಿಯುತ್ತಿರಲಿಲ್ಲ. ತಾಯಂದಿರು ಗಾಜಿನ ಆಚೆಯಿಂದ ಕೇಳಿದರೆ ಈಗ ಅವಳು, "ಸೂಜಿ ಹಾಕಿದ್ವಿ, ಅದಕ್ಕ ನೋವಾಗ್ಯದ. ಬಾ, ಬಂದು ಹಿಡಿ," ಎನ್ನುತ್ತಿದ್ದಳು. ಕೆಲವರು ಬಂದರು. ಕೆಲವರು ಹೆದರಿ ಹಿಂದೆ ಸರಿದರು. ಕಿರಿಯ ಸಿಸ್ಟರುಗಳು, ಹಗುರ ಕೈ ಈಗ ಭಾರ ಆಗಿದೆ ಎಂದು ಚಹಾದ ಹೊತ್ತಿಗೆ ಕಾಲೆಳೆದರು. ಆಗಲಿ ಬಿಡ್ರಿ ಎಂದು ಅವಳೂ ನಕ್ಕಳು.

ಒಂದು ಬೆಳಿಗ್ಗೆ ಲತಿಕಾ ಸೂಜಿಯ ತಟ್ಟೆ ಹಿಡಿದು ಬಂದಾಗ ದ್ವಾರಕಾ ಆಗಲೇ ಕೂಸನ್ನು ಎದೆಗೆ ಹಾಕಿಕೊಂಡು ಕೂತಿದ್ದಳು. ಅವಳ ಒಂದು ಬೆರಳು ಕೂಸಿನ ಅಂಗಾಲಿನ ಮೇಲಿತ್ತು. ಅಂಗಾಲು ಆ ಬೆರಳಿಗೆ ಒತ್ತಿಕೊಂಡಿತ್ತು, ಹಿಂದೆ ಸರಿದಿರಲಿಲ್ಲ. ಶಾಲಿನೊಳಗಿನಿಂದ ಚಪ್ಪರಿಸುವ ಸಣ್ಣ ಸದ್ದು ಕೇಳುತ್ತಿತ್ತು. ಲತಿಕಾ ಬಗ್ಗಿದಳು.

"ನಿಲ್ರಿ, ಸಿಸ್ಟರ್‌ಬಾಯಿ," ಎಂದಳು ದ್ವಾರಕಾ ಪಿಸುದನಿಯಲ್ಲಿ. "ಹಾಲು ಹಿಡಿದಾಳ. ನಾ ಹೇಳಿದಾಗ ಚುಚ್ರಿ."

ಆಚೆಯಿಂದ ಭಾಲೇರಾವ್ ಕರೆದರು, "ಕಾಸಾರ್, ಈ ಕಡಿ ಸಲೈನ್ ನಿಂತದ. ಅಲ್ಲಿ ಮುಗೀತೇನು?"

"ಇಲ್ಲರಿ, ಇನ್ನೂ ಅಪ್ಪಣಿ ಆಗಿಲ್ಲ," ಎಂದಳು ಲತಿಕಾ. ತಟ್ಟೆಯನ್ನು ಕುರ್ಚಿಯ ಪಕ್ಕ ಇಟ್ಟು, ಸಲೈನ್ ನೋಡಲು ಆ ಕಡೆ ಹೋದಳು.